ವಯಸ್ಸಾದ ನಾಯಿಯ ಮೂಗು ಒಣಗಿದರೆ: ಯಾವ ಲಕ್ಷಣಕ್ಕೆ ಏನು ಅರ್ಥ, ಮನೆಯಲ್ಲಿ ಏನು ಮಾಡಬಹುದು

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ನಾಯಿ ಸಾಕಿದವರ ಬಾಯಲ್ಲಿ ಒಂದೇ ಮಾತು. "ಕಾಕಾ, ನಮ್ಮ ನಾಯಿ ಮೂಗು ಪೂರಾ ಒಣಗ್ಯಾದ, ಜ್ವರ ಬಂದದ ಏನ್ರಿ?" ಪಕ್ಕದ ಮನೆಯ ಕಾಕಾ ನೋಡುವುದೂ ಇಲ್ಲ, ಮುಟ್ಟುವುದೂ ಇಲ್ಲ. "ಹೌದು ತಮ್ಮಾ, ಮೂಗು ಒಣಗಿತಂದ್ರ ಜ್ವರನೇ" ಅನ್ನುತ್ತಾರೆ. ಸಂಜೆಗೆ ಮನೆಯಲ್ಲಿದ್ದ ಜ್ವರದ ಮಾತ್ರೆ ರೊಟ್ಟಿ ತುಂಡಿನಲ್ಲಿ ಸೇರಿ ನಾಯಿಯ ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ಆ ಮಾತ್ರೆಯೇ ಮುದಿ ನಾಯಿಯ ಯಕೃತ್ತು, ಕಿಡ್ನಿ ಕೆಡಿಸಬಲ್ಲದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂಗು ಒಣಗಿದ್ದು ಒಂದೇ ಲಕ್ಷಣವಾಗಿದ್ದರೆ ಅದು ರೋಗ ಅಲ್ಲ. ಜೊತೆಗೆ ಇನ್ನೇನಿದೆ ಅನ್ನುವುದನ್ನು ನೋಡಬೇಕು. ನಾಯಿಯ ಮೂಗು ಮೂರು ಕಡೆಯಿಂದ ಒದ್ದೆಯಾಗುತ್ತದೆ. ಮೂಗಿನೊಳಗಿನ ಗ್ರಂಥಿಗಳು ತೆಳು ನೀರು ಬಿಡುತ್ತವೆ. ಕಣ್ಣೀರು ಒಂದು ಸಣ್ಣ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಉಳಿದದ್ದನ್ನು ನಾಯಿ ತಾನೇ ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ. ವಯಸ್ಸಾದಂತೆ ನಾಯಿ ಜಾಸ್ತಿ ಮಲಗುತ್ತದೆ, ಕಡಿಮೆ ನೆಕ್ಕುತ್ತದೆ. ಹಾಗಾಗಿ ಮುದಿ ನಾಯಿಯ ಮೂಗು ಸ್ವಲ್ಪ ಒಣಗುವುದು ಸಹಜ. ದೊಡ್ಡ ತಳಿಯ ನಾಯಿಗೆ 7 ವರ್ಷ ದಾಟಿದರೆ, ಸಣ್ಣ ತಳಿಗೆ 10ರ ಹತ್ತಿರ ಬಂದರೆ ವಯಸ್ಸಾಯಿತು ಅಂತ ಲೆಕ್ಕ ಹಿಡಿಯಿರಿ.

ಮುಟ್ಟುವ ಮುಂಚೆ ಒಂದು ಎಚ್ಚರ. ಮುದಿ ನಾಯಿಗೆ ಕಿವಿ ಮಂದ, ಕಣ್ಣು ಮಂದ. ಮಲಗಿದ್ದಾಗ ಏಕಾಏಕಿ ಮೂಗು ಮುಟ್ಟಿದರೆ ಬೆಚ್ಚಿ ಕಚ್ಚಿಬಿಡಬಹುದು. ಹೆಸರು ಕರೆದು, ಮೈ ಸವರಿ, ಎಚ್ಚರವಾದ ಮೇಲೆ ನೋಡಿ. ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ನಲ್ಲಿಯ ಕೆಳಗೆ ತೊಳೆದು, ಸ್ವಂತ ನಾಯಿ ಅಂತ ಬಿಡದೆ ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಮಲಗಿ ಎದ್ದಾಗ ಒಣಗಿರುತ್ತದೆ, ಆಮೇಲೆ ಒದ್ದೆಯಾಗುತ್ತದೆ

ಇದಕ್ಕೆ ಏನೂ ಮಾಡಬೇಕಾಗಿಲ್ಲ. ನಿದ್ದೆಯಲ್ಲಿ ನಾಯಿ ಮೂಗು ನೆಕ್ಕುವುದಿಲ್ಲ. ಎದ್ದು ನೀರು ಕುಡಿದು, ಸ್ವಲ್ಪ ಓಡಾಡಿ, ಅರ್ಧ ತಾಸಿನೊಳಗೆ ಒದ್ದೆಯಾದರೆ ಸರಿ.

ದಿನವಿಡೀ ಒಣಗಿದೆ, ಆದರೆ ನಾಯಿ ಲವಲವಿಕೆಯಿಂದಿದೆ

ಮೊದಲು ಮಲಗುವ ಜಾಗ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ ಗಾಳಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯುತ್ತಿದೆಯಾ? ಎಸಿ ಕೋಣೆಯಲ್ಲಿ ಮಲಗುತ್ತಿದೆಯಾ? ಚಳಿಗಾಲದಲ್ಲಿ ಒಲೆಯ ಬಾಯಿಗೆ ಮೂತಿ ಇಟ್ಟು ಮಲಗುತ್ತದಾ? ಜಾಗ ಬದಲಿಸಿ ಮೂರು ದಿನ ನೋಡಿ. ಅಂಗಳದ ಶಹಾಬಾದಿ ಫರಸಿಯ ಮೇಲೆ ಮಧ್ಯಾಹ್ನ ನಿಮ್ಮ ಅಂಗೈ ಇಟ್ಟು ಹತ್ತು ಎಣಿಸಿ. ನಿಮಗೇ ತಡೆಯಲು ಆಗದಿದ್ದರೆ ಅದರ ಅಂಗಾಲಿಗೆ, ಮೂತಿಗೆ ಅದು ಕಾದ ಹಂಚು.

ಎರಡನೆಯದು ನೀರು. ಸಾಮಾನ್ಯವಾಗಿ ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 60 ಮಿಲಿ ನೀರು ಬೇಕು. 15 ಕಿಲೋ ನಾಯಿಯಾದರೆ ಮುಕ್ಕಾಲು ಲೀಟರಿನಿಂದ 900 ಮಿಲಿ. ಸಾರು, ಮಜ್ಜಿಗೆ ಕಲಸಿದ ಊಟ ಹಾಕಿದರೆ ಅದರಲ್ಲೇ ಸ್ವಲ್ಪ ಸಿಗುತ್ತದೆ. ಬರೀ ಒಣ ಆಹಾರದ ಕಾಳು ಹಾಕುವವರು ಅದಕ್ಕೆ ಬೆಚ್ಚಗಿನ ನೀರು ಬೆರೆಸಿ ಕೊಡಿ. ಮಂಡಿ ನೋವಿರುವ ಮುದಿ ನಾಯಿ ನೀರಿಗಾಗಿ ಎದ್ದು ಹೋಗಲು ಬೇಸರಪಡುತ್ತದೆ. ಮಲಗುವ ಜಾಗದ ಪಕ್ಕದಲ್ಲೇ ಇನ್ನೊಂದು ಬಟ್ಟಲು ಇಡಿ. ಮಣ್ಣಿನದೋ ಸ್ಟೀಲಿನದೋ ಇರಲಿ. ಕೆಲವು ನಾಯಿಗಳಿಗೆ ಪ್ಲಾಸ್ಟಿಕ್ ಬಟ್ಟಲು ಒಗ್ಗದೆ ಮೂಗು, ತುಟಿಯ ಚರ್ಮ ಕೆಡುತ್ತದೆ.

ಇನ್ನೊಂದು ಮಾತು. ನೀರು ಕುಡಿಯುವುದು ಸುಮ್ನೆ ಜಾಸ್ತಿಯಾಗಿದ್ದರೆ ಖುಷಿಪಡಬೇಡಿ. ಕಿಲೋಗೆ 100 ಮಿಲಿ ದಾಟಿ ಕುಡಿಯುತ್ತಿದೆ, ಮೂತ್ರವೂ ಹೆಚ್ಚಾಗಿದೆ ಅಂದರೆ ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಅಳತೆ ಬಾಟಲಿಯಿಂದ ನೀರು ಹಾಕಿ ಮೂರು ದಿನ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಬರಿಗಣ್ಣಿನ ಅಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೂಗು ಒಣಗಿದೆ, ನಾಯಿ ಮಂಕಾಗಿದೆ, ಊಟ ಬಿಟ್ಟಿದೆ

ಈಗ ಜ್ವರದ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳುವುದು ಥರ್ಮಾಮೀಟರ್, ಮೂಗಲ್ಲ. ಮೂಗು ಒದ್ದೆ ಇರುವ ನಾಯಿಗೂ ಜೋರು ಜ್ವರ ಇರಬಹುದು. ನಾಯಿಗೆ ಅಂತಲೇ ಒಂದು ಡಿಜಿಟಲ್ ಥರ್ಮಾಮೀಟರ್ ಬೇರೆ ಇಡಿ. ತುದಿಗೆ ವ್ಯಾಸಲೀನ್ ಸವರಿ, ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರುವಾಗ ಇನ್ನೊಬ್ಬರು ಗುದದೊಳಗೆ ಒಂದು ಇಂಚಿನಷ್ಟು ಮೆಲ್ಲಗೆ ಇಡಬೇಕು. ನಾಯಿಯ ಸಹಜ ಉಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ 98.6ಕ್ಕೆ ಹೋಲಿಸಿ ಗಾಬರಿಯಾಗಬೇಡಿ. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. 104 ದಾಟಿದರೆ ಅವತ್ತೇ ಕರೆದುಕೊಂಡು ಹೋಗಿ.

ಆಮೇಲೆ ವಸಡು ನೋಡಿ. ತುಟಿ ಎತ್ತಿ ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ವಸಡು ಕಪ್ಪಗಿದ್ದರೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಬೆರಳಿಗೆ ವಸಡು ಒಣಗಿ ಅಂಟಿದ ಹಾಗಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಕತ್ತಿನ ಚರ್ಮ ಎಳೆದು ಬಿಡುವ ಪರೀಕ್ಷೆ ಬಹಳ ಜನಕ್ಕೆ ಗೊತ್ತು. ಆದರೆ ಮುದಿ ನಾಯಿಯ ಚರ್ಮ ಮೊದಲೇ ಸಡಿಲ. ನೀರು ಸರಿಯಿದ್ದರೂ ನಿಧಾನವಾಗಿ ಇಳಿಯುತ್ತದೆ. ಈ ವಯಸ್ಸಿನಲ್ಲಿ ವಸಡನ್ನೇ ನಂಬಿ.

ಮೇ ತಿಂಗಳ ಮಧ್ಯಾಹ್ನ ನಾಯಿ ಬಿಡದೆ ಏದುಸಿರು ಬಿಡುತ್ತಿದ್ದರೆ, ನಾಲಿಗೆ ಕಡುಗೆಂಪಾಗಿದ್ದರೆ, ಜೊಲ್ಲು ದಪ್ಪಗಾಗಿದ್ದರೆ, ನಡಿಗೆ ತಪ್ಪುತ್ತಿದ್ದರೆ ಅದು ಬಿಸಿಲಿನ ಹೊಡೆತ. ಮೂಗಿನ ಚಿಂತೆ ಬಿಡಿ. ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಫ್ಯಾನ್ ಹಚ್ಚಿ. ಮಾಳಿಗೆಯ ಟ್ಯಾಂಕಿನ ನೀರು ಆ ಹೊತ್ತಿಗೆ ಸುಡುತ್ತಿರುತ್ತದೆ, ಸಂಪಿನಿಂದಲೋ ಮಡಕೆಯಿಂದಲೋ ತನ್ನಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಸುರಿಯಬೇಡಿ. ಸ್ವಲ್ಪ ತಣ್ಣಗಾಗುತ್ತಿದ್ದಂತೆ ಆಸ್ಪತ್ರೆಗೆ ಹೊರಡಿ.

ಮೂಗಿನ ಮೇಲೆ ಒರಟಾದ ಕಂದು ಪದರ ಬೆಳೆದಿದೆ

ವಯಸ್ಸಾದ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮನೆಮದ್ದು ಚೆನ್ನಾಗಿ ನಾಟುವುದೂ ಇದಕ್ಕೇ. ನಮ್ಮ ಹಿಮ್ಮಡಿ ಗಟ್ಟಿಯಾಗುತ್ತದಲ್ವಾ, ಹಾಗೆಯೇ ನಾಯಿಯ ಮೂಗಿನ ಹೊರಚರ್ಮ ಉದುರದೆ ಪದರ ಪದರವಾಗಿ ಕೂತುಬಿಡುತ್ತದೆ. ಮೂಗಿನ ಮೇಲ್ಭಾಗದಲ್ಲಿ ಒಣ ಹುಲ್ಲಿನ ಬುಡದಂತೆ ಮೊನಚು ಮೊನಚಾಗಿ ಏಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ನಾಲಿಗೆ ಮೂಗಿಗೆ ಸರಿಯಾಗಿ ಎಟಕುವುದಿಲ್ಲ, ಹಾಗಾಗಿ ಬೇಗ ಬರುತ್ತದೆ. ಕಾಕರ್ ಸ್ಪ್ಯಾನಿಯಲ್‌ಗಳಲ್ಲೂ ಜಾಸ್ತಿ. ಲ್ಯಾಬ್ರಡಾರ್‌ನಲ್ಲಿ ವಂಶದಿಂದ ಬರುವ ಒಂದು ಬಗೆಯಿದೆ. ಅದು ಒಂದು ವರ್ಷ ತುಂಬುವ ಮೊದಲೇ ಶುರುವಾಗಿರುತ್ತದೆ.

ನಮ್ಮ ಕಾಳ್ಯಾಗೆ 11ನೇ ವರ್ಷದಲ್ಲಿ ಇದು ಬಂತು. ಮೊದಮೊದಲು ಮಣ್ಣು ಮೆತ್ತಿದೆ ಅಂದುಕೊಂಡೆ. ಒಂದು ದಿನ ಉಗುರಿನಿಂದ ಒಂದು ಚೂರು ಎಬ್ಬಿಸಿದೆ. ಸಣ್ಣ ಚಕ್ಕೆ ಎದ್ದು ಬಂತು, ಅದರ ಹಿಂದೆಯೇ ಒಂದು ಹನಿ ರಕ್ತ. ಅದು ಮೂಗನ್ನು ನೆಲಕ್ಕೆ ಒತ್ತಿಕೊಂಡು ಮಲಗಿತು, ಅವತ್ತು ಸಂಜೆ ನನ್ನ ಕೈಯಿಂದ ರೊಟ್ಟಿ ತಗೊಳ್ಳಲಿಲ್ಲ. ಆ ಹನಿ ರಕ್ತ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪದರವನ್ನು ಕೀಳಬೇಡಿ, ಕತ್ತರಿಸಬೇಡಿ, ಕಲ್ಲಿನಿಂದ ಉಜ್ಜಬೇಡಿ.

ಮಾಡಬೇಕಾದದ್ದು ನೆನೆಸುವ ಕೆಲಸ. ಹಳೆಯ ಮೆತ್ತನೆ ಹತ್ತಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಮೂಗಿನ ಮೇಲೆ 5ರಿಂದ 10 ನಿಮಿಷ ಇಡಿ. ಹೊಳ್ಳೆ ಮುಚ್ಚದಂತೆ ನೋಡಿಕೊಳ್ಳಿ. ತನ್ನಷ್ಟಕ್ಕೆ ಬಿಟ್ಟ ಚಕ್ಕೆ ಬಟ್ಟೆಗೆ ಬರುತ್ತದೆ, ಉಳಿದದ್ದು ಇರಲಿ. ತೇವ ಆರುವ ಮೊದಲೇ ಬಿಳಿ ವ್ಯಾಸಲೀನನ್ನೋ ಶುದ್ಧ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಸವರಿ. ಎರಡರಲ್ಲೂ ಪರಿಮಳ, ಔಷಧ ಏನೂ ಸೇರಿರಬಾರದು. ಮೊದಲು ನೀರು, ಅದರ ಮೇಲೆ ಜಿಡ್ಡು. ಒಣ ಮೂಗಿಗೆ ಬರೀ ಎಣ್ಣೆ ಹಚ್ಚಿದರೆ ಮೇಲೆ ಹೊಳಪು ಬರುತ್ತದೆಯೇ ಹೊರತು ಒಳಗೆ ಮೆತ್ತಗಾಗುವುದಿಲ್ಲ.

ಹಚ್ಚಿದ ಕೂಡಲೇ ನಾಯಿ ನೆಕ್ಕುತ್ತದೆ. ಅದಕ್ಕೆ ಊಟದ ತಟ್ಟೆ ಇಡುವ ಮುಂಚೆ, ಇಲ್ಲವೇ ಅಡ್ಡಾಡಿಸಲು ಹೊರಡುವಾಗ ಹಚ್ಚಿ. ಹತ್ತು ನಿಮಿಷ ಗಮನ ಬೇರೆ ಕಡೆ ಇದ್ದರೆ ಸಾಕು. ದಿನಕ್ಕೆ ಎರಡು ಸಲದಂತೆ ಹತ್ತು ದಿನ ಮಾಡಿ. ಮೆತ್ತಗಾದ ಮೇಲೆ ವಾರಕ್ಕೆ ಎರಡು ಸಲ ಸಾಕು, ಆದರೆ ಪೂರ್ತಿ ಬಿಟ್ಟರೆ ಮತ್ತೆ ಬೆಳೆಯುತ್ತದೆ. ಇದು ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ. ಹೊಳ್ಳೆಯ ಒಳಗೆ ಮಾತ್ರ ಎಣ್ಣೆ ಬಿಡಲೇಬೇಡಿ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.

ನಮ್ಮ ಮನೆಗಳಲ್ಲಿ ಕುಸುಬಿ ಎಣ್ಣೆ ಕೈಗೆ ಸಿಗುವ ಎಣ್ಣೆ. ವಿಷ ಅಲ್ಲ, ಆದರೆ ಗಾಳಿಗೆ ಆರಿ ಅಂಟಾಗುತ್ತದೆ. ಮೂಗಿನ ಮೇಲೆ ಧೂಳು ಹಿಡಿಯುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು ಹಾರುವಾಗ ಇನ್ನೂ ಕಷ್ಟ. ತುಪ್ಪ ಹಚ್ಚಿದರೆ ಇರುವೆ, ನೊಣ ಬರುತ್ತವೆ. ಕೊಬ್ಬರಿ ಎಣ್ಣೆಯೇ ಸಾಕು.

ಈಗ ಅಂಗಾಲು ಎತ್ತಿ ನೋಡಿ. ಮೂಗಿನ ಹಾಗೆ ಅಂಗಾಲಿನ ಮೆತ್ತೆಯೂ ಗಟ್ಟಿಯಾಗಿ ಅಂಚಿನಲ್ಲಿ ಗರಿ ಗರಿಯಾಗಿದ್ದರೆ, ನಾಯಿ ಬೇರೆ ರೀತಿಯಲ್ಲಿ ಚೆನ್ನಾಗಿದ್ದರೆ ಇದೇ ತೊಂದರೆ, ಇದೇ ಆರೈಕೆ. ಆದರೆ ಅದರ ಜೊತೆ ಕಣ್ಣು, ಮೂಗಿನಲ್ಲಿ ಹಳದಿ ನೀರು, ಕೆಮ್ಮು, ಭೇದಿ, ದವಡೆ ಅಥವಾ ಕಾಲು ಅದುರುವುದು ಇದ್ದರೆ ಡಿಸ್ಟೆಂಪರ್ ಎಂಬ ಅಂಟುಜಾಡ್ಯ ಇರಬಹುದು. ವರ್ಷಗಟ್ಟಲೆ ಲಸಿಕೆ ತಪ್ಪಿದ ಮುದಿ ನಾಯಿಗೂ ಅದು ಬರುತ್ತದೆ. ಬೇರೆ ನಾಯಿಗಳಿಂದ ದೂರ ಇಟ್ಟು ತಕ್ಷಣ ಡಾಕ್ಟರಿಗೆ ತೋರಿಸಿ. ಅಂಗಾಲಿಗೆ ಎಣ್ಣೆ ಹಚ್ಚಿದಾಗ ನುಣುಪು ಫರಸಿಯ ಮೇಲೆ ಬಿಡಬೇಡಿ, ಜಾರಿ ಬಿದ್ದು ಸೊಂಟ ಹಿಡಿಯುತ್ತದೆ.

ಬಿರುಕು ಬಿಟ್ಟಿದೆ, ರಕ್ತ ಜಿನುಗುತ್ತಿದೆ

ಕೂದಲೆಳೆಯಷ್ಟು ಸಣ್ಣ ಬಿರುಕಾದರೆ ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಒರೆಸಿ, ವ್ಯಾಸಲೀನ್ ಸವರಿ. ಎರಡು ಮೂರು ದಿನದಲ್ಲಿ ಕೂಡಿಕೊಳ್ಳಬೇಕು. ಆಳವಾದ ಬಿರುಕು, ಕೀವು, ವಾಸನೆ, ಮುಟ್ಟಿದರೆ ಮುಖ ಎಳೆದುಕೊಳ್ಳುವುದು ಇದ್ದರೆ ಸೋಂಕು ಆಗಿದೆ ಅಂತಲೇ ಅರ್ಥ. ಅಲ್ಲಿಗೆ ಮನೆಮದ್ದು ನಿಲ್ಲಿಸಿ. ನೊಣ ಕೂರದಂತೆ ಒಳಗೆ ಇಡಿ. ನಮ್ಮ ಕಡೆ ಗಾಯದಲ್ಲಿ ಹುಳು ಬೀಳಲು ಒಂದೆರಡು ದಿನ ಸಾಕು.

ಒಂದೇ ಹೊಳ್ಳೆಯ ಕಡೆ ಒಣಗಿದೆ

ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಬಿಸಿಲು, ಗಾಳಿ, ವಯಸ್ಸು ಮೂಗಿನ ಎರಡೂ ಕಡೆ ಒಂದೇ ಥರ ಒಣಗಿಸುತ್ತವೆ. ಒಂದು ಅರ್ಧ ಒದ್ದೆ, ಇನ್ನೊಂದು ಅರ್ಧ ಒಣಗಿದ ಬೆಲ್ಲದಂತೆ ಹಕ್ಕಳೆ ಕಟ್ಟಿದ್ದರೆ ಕಾರಣ ಒಳಗಿದೆ.

ಅದೇ ಕಡೆಯ ಕಣ್ಣು ನೋಡಿ. ಬೆಳಿಗ್ಗೆ ಅಂಟಂಟಾದ ಗೀಜು ತುಂಬಿರುತ್ತದಾ? ಕಣ್ಣಿಗೆ ಹೊಳಪು ಇಲ್ಲದೆ ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಗಿದೆಯಾ? ಪದೇ ಪದೇ ಕಣ್ಣು ಮುಚ್ಚುತ್ತದಾ? ಹಾಗಿದ್ದರೆ ಕಣ್ಣೀರೇ ಬತ್ತಿದೆ. ಕಣ್ಣೀರು ಮತ್ತು ಮೂಗಿನ ನೀರು ಎರಡನ್ನೂ ನಡೆಸುವ ನರ ಕಿವಿಯ ಒಳಭಾಗದ ಪಕ್ಕದಲ್ಲೇ ಹಾದುಹೋಗುತ್ತದೆ. ಕಿವಿಯ ಸೋಂಕು ಒಳಗೆ ಇಳಿದರೆ ಆ ನರ ಸೋಲುತ್ತದೆ. ಅದೇ ಕಡೆಯ ಕಣ್ಣು, ಮೂಗು ಎರಡೂ ಒಣಗುತ್ತವೆ.

ಕಾಳ್ಯಾಗೆ ಮುಂದಿನ ವರ್ಷ ಆದದ್ದು ಇದು. ಎಡ ಹೊಳ್ಳೆಯಲ್ಲಿ ಕಂದು ಹಕ್ಕಳೆ. ಮೂಗಿನ ಪದರವೇ ಮರಳಿತು ಅಂದುಕೊಂಡು ಒಂದು ತಿಂಗಳು ಎಣ್ಣೆ ಹಚ್ಚಿದೆ. ಎಡ ಕಣ್ಣಿನ ಗೀಜನ್ನು ಧೂಳು ಅಂತ ಒರೆಸುತ್ತಿದ್ದೆ. ಎಡ ಕಿವಿ ಆಗಾಗ ನಾರುತ್ತಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಡಾಕ್ಟರ್ ಒಂದು ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ ಒಂದು ನಿಮಿಷ ಹಿಡಿದರು. ಬಲಗಣ್ಣಿನ ಪಟ್ಟಿ 17 ಮಿ.ಮೀ. ತೋಯ್ದಿತ್ತು. ಎಡಗಣ್ಣಿನದು 3 ಮಾತ್ರ. 15ಕ್ಕಿಂತ ಹೆಚ್ಚಿದ್ದರೆ ಸರಿ, 10ಕ್ಕಿಂತ ಕಡಿಮೆಯಾದರೆ ಒಣಗಣ್ಣು. "ಮೂಗಿಗೆ ಎಣ್ಣಿ ಹಚ್ಚೀರಿ, ಛಲೋ. ಆದ್ರ ಕಣ್ಣು ನೋಡಬೇಕಿತ್ರಿ" ಅಂದರು. ಆ ಪರೀಕ್ಷೆಗೆ ಹಿಡಿದದ್ದು ಎರಡು ನಿಮಿಷ. ನಾನು ಕಳೆದದ್ದು ಒಂದು ತಿಂಗಳು.

ಚಿಕಿತ್ಸೆ ಇಲ್ಲದೆ ಬಿಟ್ಟರೆ ಕಣ್ಣಿನ ಕರಿಗುಡ್ಡೆಯ ಮೇಲೆ ಕಂದು ಪೊರೆ ಹರಡಿ ದೃಷ್ಟಿ ಹೋಗುತ್ತದೆ. ಮನೆಯಲ್ಲಿದ್ದ ಹಳೆಯ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು ಕಣ್ಣಲ್ಲಿ ಹುಣ್ಣೂ ಇದ್ದರೆ ಕಣ್ಣೇ ಹಾಳಾಗುತ್ತದೆ. ಸೋಂಕಿಗೆ ಕೊಡುವ ಸಲ್ಫಾ ಗುಂಪಿನ ಮಾತ್ರೆಗಳಿಂದಲೂ ಕೆಲವು ನಾಯಿಗಳ ಕಣ್ಣೀರು ಬತ್ತುತ್ತದೆ. ಇತ್ತೀಚೆಗೆ ಯಾವ ಔಷಧ ಕೊಟ್ಟಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ಹೇಳಿ.

ಕಪ್ಪು ಮೂಗು ಬೂದಿ ಬಣ್ಣಕ್ಕೆ, ಗುಲಾಬಿಗೆ ತಿರುಗುತ್ತಿದೆ

ನಾಯಿಯ ಮೂಗನ್ನು ಹತ್ತಿರದಿಂದ ನೋಡಿ. ಜೋಳದ ತೆನೆಯ ಕಾಳುಗಳಂತೆ ಒತ್ತೊತ್ತಾದ ಗುಬ್ಬಿಗಳು ಕಾಣುತ್ತವೆ. ಆ ಗುಬ್ಬಿಗಳು ಹಾಗೇ ಇದ್ದು ಬಣ್ಣ ಮಾತ್ರ ಸ್ವಲ್ಪ ಮಾಸಿದ್ದರೆ ಹೆದರಬೇಡಿ, ಕೆಲವು ತಳಿಗಳಲ್ಲಿ ಅದು ಸಹಜ. ಗುಬ್ಬಿಗಳು ಅಳಿಸಿಹೋಗಿ ಚರ್ಮ ನುಣ್ಣಗಾಗಿದ್ದರೆ, ಹಕ್ಕಳೆ ಅಥವಾ ಹುಣ್ಣು ಇದ್ದರೆ ಅದು ಬೇರೆ ಮಾತು. ಮೈಯ ರಕ್ಷಣಾ ಶಕ್ತಿಯೇ ಚರ್ಮದ ಮೇಲೆ ತಿರುಗಿ ಬೀಳುವ ಲೂಪಸ್, ಪೆಂಫಿಗಸ್ ಎಂಬ ಕಾಯಿಲೆಗಳು ಹೀಗೆ ಕಾಣುತ್ತವೆ. ಮುದಿ ನಾಯಿಯಲ್ಲಿ ಚರ್ಮದ ಕ್ಯಾನ್ಸರ್ ಕೂಡ ಇರಬಹುದು. ಚರ್ಮದ ಚೂರು ತೆಗೆದು ಪರೀಕ್ಷೆ ಮಾಡದೆ ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ಲೂಪಸ್ ಬಿಸಿಲಿಗೆ ಹೆಚ್ಚಾಗುತ್ತದೆ. ಡಾಕ್ಟರ್ ಸಿಗುವ ತನಕ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನೆರಳಲ್ಲೇ ಇಡಿ. ಇದಕ್ಕೆ ಮನೆಮದ್ದು ಇಲ್ಲ.

ಸೀನು, ಸಿಂಬಳ, ಮೂಗಿನಿಂದ ರಕ್ತ

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತಣ್ಣಗಿನ ಸ್ಟೀಲ್ ತಟ್ಟೆಯನ್ನು ಮೂಗಿನ ಮುಂದೆ ಹಿಡಿಯಿರಿ. ಉಸಿರಿನಿಂದ ಎರಡು ಮಬ್ಬು ಕಲೆ ಮೂಡಬೇಕು. ಒಂದೇ ಮೂಡಿದರೆ ಇನ್ನೊಂದು ಹೊಳ್ಳೆ ಕಟ್ಟಿದೆ. ಬಿಸಿ ಗಾಳಿಯಲ್ಲಿ ಮಬ್ಬು ಹಿಡಿಯದಿದ್ದರೆ ಒಂದು ಎಳೆ ಹತ್ತಿ ಹಿಡಿದು ಅಲುಗಾಡುತ್ತದಾ ನೋಡಿ. ಒಂದೇ ಕಡೆ ಕಟ್ಟಿದ್ದು, ಒಂದೇ ಕಡೆಯಿಂದ ಕೀವು ಅಥವಾ ರಕ್ತ ಬರುತ್ತಿದ್ದರೆ ಒಳಗೆ ಗಡ್ಡೆ, ಶಿಲೀಂಧ್ರ, ಇಲ್ಲವೇ ಮೇಲಿನ ಹಲ್ಲಿನ ಬೇರಿನ ಕೀವು ಇರಬಹುದು. ಬಾಯಿ ನಾರುತ್ತದಾ ಅಂತಲೂ ನೋಡಿ.

ರಕ್ತ ಬಂದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದ್ದು ಉಣ್ಣಿ ಜ್ವರ. ಕಿವಿ ಸಂದು, ಬೆರಳ ಸಂದು ತಡಕಿ ಉಣ್ಣಿ ಹುಡುಕಿ. ವಸಡು ಬಿಳಿಚಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಇದ್ದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ನಾಯಿಯನ್ನು ಶಾಂತವಾಗಿ ಮಲಗಿಸಿ, ಮೂಗಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಹೊಳ್ಳೆಗೆ ಹತ್ತಿ ತುರುಕಬೇಡಿ.

ಹಚ್ಚಬಾರದ್ದು, ಕೊಡಬಾರದ್ದು

ಮೂಗಿಗೆ ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆಗೇ ಹೋಗುತ್ತದೆ. ಇದೊಂದು ನೆನಪಿಟ್ಟರೆ ಅರ್ಧ ತಪ್ಪು ತಪ್ಪುತ್ತದೆ. ಕರ್ಪೂರ, ಪುದೀನ ಸತ್ವ ಇರುವ ನೆಗಡಿ ಬಾಮ್ ಬೇಡ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಬೇಡ. ಮಕ್ಕಳ ಚರ್ಮಕ್ಕೆ ಹಚ್ಚುವ ಝಿಂಕ್ ಆಕ್ಸೈಡ್ ಕ್ರೀಮ್ ಬೇಡ. ತುಟಿಗೆ ಹಚ್ಚುವ ಬಾಮ್‌ಗಳಲ್ಲಿ ಕೆಲವಕ್ಕೆ ಝೈಲಿಟಾಲ್ ಸಿಹಿ ಹಾಕಿರುತ್ತಾರೆ, ಅದು ನಾಯಿಯ ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ತುರಿಕೆಗೆ ಅಂತ ಕೊಡುವ ಸ್ಟೀರಾಯ್ಡ್ ಮುಲಾಮು ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಗಾಡಿಯ ಸುಟ್ಟ ಆಯಿಲ್, ಸೀಮೆಎಣ್ಣೆ ಹಚ್ಚುವ ರೂಢಿ ಇನ್ನೂ ಹಳ್ಳಿಗಳಲ್ಲಿದೆ. ಎರಡೂ ವಿಷ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನೀವೇ ಕೊಡಬೇಡಿ.

ಊಟದಲ್ಲಿ ಬರೀ ರೊಟ್ಟಿ, ಹಾಲು ಆದರೆ ಚರ್ಮಕ್ಕೆ ಬೇಕಾದ ಪ್ರೋಟೀನು, ಕೊಬ್ಬು ಸಾಲದು. ಬೇಯಿಸಿದ ಮೊಟ್ಟೆ ಸೇರಿಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕುವ ಮುಂಚೆಯೇ ನಾಯಿಯ ಪಾಲಿನ ಬ್ಯಾಳಿ ತೆಗೆದಿಡಿ. ಅವೆರಡೂ ಅದರ ರಕ್ತಕಣಗಳನ್ನು ಒಡೆಯುತ್ತವೆ.

ಡಾಕ್ಟರ್ ಹತ್ತಿರ ಹೋಗುವಾಗ

ಪದರ ಕಟ್ಟಿದ ಮೂಗಿಗೆ ಹತ್ತು ದಿನ ಸರಿಯಾಗಿ ನೆನೆಸಿ, ಸವರಿದರೂ ಬದಲಾವಣೆ ಕಾಣದಿದ್ದರೆ ಹೋಗಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಶುರು ಮಾಡಬಹುದು. ಚರ್ಮದ ಚೂರಿನ ಪರೀಕ್ಷೆ, ಕಣ್ಣಿನ ತಪಾಸಣೆಯಂಥದ್ದು ಬೇಕಾದರೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯಿಂದ ಹೊರಡುವವರು ನಸುಕಿನಲ್ಲೇ ಹೊರಡಿ, ನೀರಿನ ಬಾಟಲಿ ಜೊತೆಗಿರಲಿ.

ಹೋಗುವ ದಿನ ಬೆಳಿಗ್ಗೆ ಮೂಗು ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಕಣ್ಣಿನ ಗೀಜೂ ತೆಗೆಯಬೇಡಿ. ಡಾಕ್ಟರಿಗೆ ಅದು ಹೇಗಿದೆಯೋ ಹಾಗೇ ಕಾಣಬೇಕು. ಮೊದಲ ದಿನದಿಂದ ಒಂದೇ ಜಾಗದಲ್ಲಿ, ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಫೋನಿನಲ್ಲಿರಲಿ. ನೀರಿನ ಲೆಕ್ಕ, ಕೊಟ್ಟ ಮಾತ್ರೆಯ ಖಾಲಿ ಸ್ಟ್ರಿಪ್, ಲಸಿಕೆಯ ಕಾರ್ಡು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಮೂಗು, ಕಣ್ಣು ತೋರಿಸಿ ಆದ ಮೇಲೆ ಕಿವಿಯನ್ನೂ ನೋಡಿ ಅಂತ ನೀವೇ ಕೇಳಿ.